ನಿಂಬೆಕಾಯಿ ಮೇಲಿನ ಕೆಂಪು ಚುಕ್ಕೆ ರೋಗ ಅಲ್ಲ, ಹುಳು

ಎಲೆ, ಕಾಯಿ ಮೇಲೆಲ್ಲ ಕೆಂಪು ಚುಕ್ಕೆ, ಎರಡು ಸಲ ಫಂಗಸ್ ಔಷಧಿ ಹೊಡೆದರೂ ಹೋಗಿಲ್ಲ ಅಂತ ಕೇಳಿದ್ದೀರಿ. ಇನ್ನು ಅದನ್ನು ಹೊಡೆಯಬೇಡಿ. ಒಂದು ಚುಕ್ಕೆಯನ್ನು ಉಗುರಿನ ತುದಿಯಿಂದ ಮೆಲ್ಲಗೆ ಎಬ್ಬಿಸಿ ನೋಡಿ. ಸಾಸಿವೆಯಷ್ಟಗಲದ ಚಿಪ್ಪು ಎದ್ದು ಬಂದು, ಅಡಿಯಲ್ಲಿ ಹಳದಿ ಬಣ್ಣದ ಮೆತ್ತನೆ ಹುಳು ಕಂಡರೆ ಅದು ಶಲ್ಕ ಕೀಟ. ಎಲೆ ಅಂಟಂಟಾಗಿ ಕಪ್ಪು ಮಸಿ ಹಿಡಿದಿದ್ದರೆ ಮಾತ್ರ ಬೇರೆ ಕೀಟವೂ ಇದೆ ಅಂತ ಅರ್ಥ, ಈ ಚಿಪ್ಪಿನದು ಸಿಹಿ ಅಂಟು ಬಿಡುವುದಿಲ್ಲ.

ಆ ಚಿಪ್ಪು ಮೇಣ ಮತ್ತು ಹುಳು ಬಿಟ್ಟ ಪೊರೆ ಸೇರಿ ಆದದ್ದು. ಒಳಗಿನ ಹೆಣ್ಣಿಗೆ ಕಾಲಿಲ್ಲ, ರೆಕ್ಕೆಯಿಲ್ಲ, ಕೂತಲ್ಲೇ ರಸ ಹೀರುತ್ತದೆ. ಓಡಾಡಿ ಹೊಸ ಜಾಗಕ್ಕೆ ಹರಡುವುದು ಪುಟಾಣಿ ಮರಿಗಳು ಮಾತ್ರ, ಅವೂ ಬೇಗ ಜಾಗ ಹಿಡಿದು ಚಿಪ್ಪು ಕಟ್ಟಿಕೊಳ್ಳುತ್ತವೆ. ಔಷಧಿ ಒಳಗೆ ಇಳಿಯದಿರುವುದು ಇದಕ್ಕೇ.

ನಮ್ಮ ಹಿತ್ತಿಲ ಗಿಡಕ್ಕೆ ಬಂದಾಗ ನಾನು ಅಂಗಡಿಯವರು ಕೊಟ್ಟ ಜೋರಾದ ಕೀಟನಾಶಕ ಹೊಡೆದೆ. ಮೊದಲು ಕಡಿಮೆಯಾದ ಹಾಗೆ ಕಂಡಿತು, ಆಮೇಲೆ ರೆಂಬೆ ತುಂಬಾ ಹುರುಪೆ ಎದ್ದ ಹಾಗೆ ಕಟ್ಟಿಕೊಂಡು ತುದಿಗಳು ಒಣಗಿದವು. ಯಾಕೆಂದರೆ ಸತ್ತದ್ದು ಇದನ್ನು ತಿನ್ನುವ ಜೀವಗಳು! ಒಂದು ಮಿಲಿಮೀಟರ್ ಉದ್ದವಿರುವ ಅಫೈಟಿಸ್ ಮೆಲಿನಸ್ ಅನ್ನೋ ಕಣಜ ಚಿಪ್ಪಿನಡಿ ಮೊಟ್ಟೆ ಇಡುತ್ತದೆ, ಕಣಜದ ಮರಿ ಆ ಶಲ್ಕ ಕೀಟವನ್ನೇ ತಿಂದು ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳಲ್ಲಿ ಇದೇ ಕೆಂಪು ಶಲ್ಕ ಕೀಟ ಕಾಡಿದಾಗ 1956-57ರಲ್ಲಿ ಈ ಕಣಜವನ್ನು ಭಾರತ, ಪಾಕಿಸ್ತಾನದಿಂದಲೇ ಅಲ್ಲಿಗೆ ಒಯ್ದರು, ಈಗಲೂ ಅಲ್ಲಿ ಸಾಕಿ ಬಿಡುತ್ತಾರೆ. ನಮ್ಮಲ್ಲೇ ಇರುವುದನ್ನು ನಾವು ಸುಮ್ನೆ ಕೊಂದುಕೊಳ್ಳುತ್ತೇವೆ ಅಂತ ನನಗೆ ನಿಜವಾಗಿ ಬೇಸರ.

ಈಗ ಮಾಡಬೇಕಾದದ್ದು ಹೇಳ್ತೀನಿ. ಜಾಸ್ತಿ ಹಿಡಿದ ಒಳರೆಂಬೆ ಕತ್ತರಿಸಿ ತೆಗೆಯಿರಿ. ಹಿಂದಿನ ದಿನ ಗಿಡಕ್ಕೆ ಚೆನ್ನಾಗಿ ನೀರು ಹಾಕಿ, ಮಾರನೆಯ ದಿನ ಬಿಸಿಲಿಳಿದ ಮೇಲೆ ಗಿಡಕ್ಕೆಂದೇ ಮಾರುವ ಹಾರ್ಟಿಕಲ್ಚರ್ ಆಯಿಲ್ ಅನ್ನು ಡಬ್ಬಿಯ ಮೇಲಿನ ಅಳತೆಯಂತೆ ಬೆರೆಸಿ ಎಲೆಯಡಿ, ಕಾಂಡ ಎಲ್ಲ ತೋಯುವ ಹಾಗೆ ಹೊಡೆಯಿರಿ. ಅದು ಉಸಿರುಗಟ್ಟಿಸಿ ಕೊಲ್ಲುತ್ತದೆ. ನೀವು ಹೊಡೆದ ಫಂಗಸ್ ಔಷಧಿ ಗಂಧಕದ್ದಾಗಿದ್ದರೆ ಕೆಲವು ವಾರ ಬಿಟ್ಟು ಹೊಡೆಯಿರಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಇರುವೆಗಳು ಗಿಡ ಹತ್ತದಂತೆ ನೋಡಿಕೊಳ್ಳಿ, ಅವು ಕಣಜಗಳನ್ನು ಓಡಿಸುತ್ತವೆ. ಎಲೆ ಮೇಲಿನ ಧೂಳೂ ಕಣಜಕ್ಕೆ ಆಗಲ್ಲ, ಆಗಾಗ ನೀರು ಚಿಮ್ಮಿಸಿ ತೊಳೆಯಿರಿ.

ಸತ್ತ ಮೇಲೂ ಚಿಪ್ಪು ಬೇಗ ಉದುರಲ್ಲ, ಅದನ್ನು ನೋಡಿ ಗಾಬರಿಯಾಗಿ ಮತ್ತೆ ಹೊಡೆಯಬೇಡಿ. ಉಗುರಿನಿಂದ ಎಬ್ಬಿಸಿ, ಅಡಿಯಲ್ಲಿ ಒಣಗಿದ್ದರೆ ಸತ್ತಿದೆ. ಕಾಯಿಗಳನ್ನು ಬ್ರಷ್‌ನಿಂದ ಉಜ್ಜಿ ತೊಳೆದು ಬಳಸಿ, ಒಳಗೆ ರಸಕ್ಕೆ ಏನೂ ಆಗಿರಲ್ಲ.