ರಿಪೋರ್ಟ್ ಬರುವ ತನಕ ಬಾಯಿ ಮುಚ್ಚಿಕೊಂಡಿರಬೇಕಾ?

ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಿಂದ ತಾಯಿ, ಮಗ ಸಲಹೆ ಕೇಳಲು ಕಲಬುರಗಿಗೆ ನನ್ನ ಹತ್ತಿರ ಬಂದಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ತಾಯಿಗೆ ಐವತ್ತರ ಆಸುಪಾಸು, ಎದೆಯಲ್ಲಿ ಗಂಟು. ಮ್ಯಾಮೊಗ್ರಫಿ (ಸ್ತನದ ಎಕ್ಸ್-ರೇ) ಆಗಿ, ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ಅಂತ, ಗಂಟಿನ ತುಣುಕನ್ನೂ ತೆಗೆದಿದ್ದರು. ಡಾಕ್ಟರು "ರಿಪೋರ್ಟ್ ಬರಲಿ, ನೋಡೋಣ" ಅಂದು ಮುಂದಿನವರನ್ನು ಕರೆದಿದ್ದರಂತೆ.

ಮೊದಲು ಮಗ ಒಬ್ಬನೇ ಒಳಗೆ ಬಂದ. "ಅವ್ವಗ ಏನೂ ಹೇಳಬ್ಯಾಡ್ರಿ. ನಾಲ್ಕನೇ ಸ್ಟೇಜ್ ಅದ" ಅಂದ. ಯಾರು ಹೇಳಿದರು ಅಂತ ಕೇಳಿದೆ. ಮ್ಯಾಮೊಗ್ರಫಿ ರಿಪೋರ್ಟ್ ಬಿಚ್ಚಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟ: ಬೈ-ರಾಡ್ಸ್ 4ಬಿ.

ಅದು ಸ್ಟೇಜ್ ಅಲ್ಲವೇ ಅಲ್ಲ. ಚಿತ್ರ ನೋಡಿದವರಿಗೆ ಎಷ್ಟು ಅನುಮಾನ ಬಂದಿದೆ ಅಂತ ತಿಳಿಸುವ ಅಂಕಿ. 4ಬಿ ಅಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ. 10ರಿಂದ 50ರ ಒಳಗೆ. ಬಯಾಪ್ಸಿ ಬೇಕೇ ಬೇಕು, ಆದರೆ ಕ್ಯಾನ್ಸರ್ ಅಲ್ಲದಿರುವ ಸಾಧ್ಯತೆಯೂ ಅಷ್ಟೇ ಇದೆ, ಇಲ್ಲವೇ ಅದಕ್ಕಿಂತ ಜಾಸ್ತಿ. ಸ್ಟೇಜ್ ಅನ್ನೋದು ಕ್ಯಾನ್ಸರ್ ಅಂತ ಖಚಿತವಾದ ಮೇಲೆ, ಅದು ಎಷ್ಟು ಹರಡಿದೆ ಅಂತ ಹೇಳುವ ಮಾತು. ಇಷ್ಟು ಹೇಳೋಕೆ ಎರಡು ನಿಮಿಷ ಸಾಕಿತ್ತು, ಅಲ್ವಾ? ಅದು ಸಿಗದೆ ಈ ಹುಡುಗ ತಂಗಿಯ ಮದುವೆಯನ್ನು ಗಡಿಬಿಡಿಯಲ್ಲಿ ಮುಗಿಸಲು ಓಡಾಡುತ್ತಿದ್ದ.

ಆಮೇಲೆ ತಾಯಿಯ ಜೊತೆ ಕೂತೆ. "ಎಲ್ಲಾರೂ ನನ್ನ ಮುಂದ ಸುಮ್ಮ ಆಗ್ತಾರ್ರಿ. ಕೊಡ ಎತ್ತಾಕ ಬಿಡವಲ್ರು. ಕರೀಲಾರದ ತಂಗಿ ಜೇವರ್ಗಿಯಿಂದ ಬಂದು ಕುಂತಾಳ. ನಂಗ ತಿಳಿಯಂಗಿಲ್ಲೇನ್ರಿ?"

ಎಷ್ಟು ತಿಳಿದುಕೊಳ್ಳಬೇಕು ಅನಿಸುತ್ತದೆ ಅಂತ ಕೇಳಿದೆ. "ಇದ್ದದ್ದು ಇದ್ದಂಗ" ಅಂದರು. ಕೆಲವರು ಈಗಲೇ ಬೇಡ ಅನ್ನುತ್ತಾರೆ, ಅದೂ ಸರಿಯೇ. ಆದರೆ ಅದನ್ನು ಹೇಳಬೇಕಾದವರು ಅವರೇ. ಮಗನಲ್ಲ, ಡಾಕ್ಟರೂ ಅಲ್ಲ.

ರಿಪೋರ್ಟ್ ತಡ ಆಗುತ್ತಿರುವುದೇ ಕೆಟ್ಟ ಸೂಚನೆ ಅಂತಲೂ ಅವರಿಗೆ ಭಯ. ಹಾಗೇನಿಲ್ಲ. ತುಣುಕನ್ನು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ನೋಡಬೇಕು. ಎಲ್ಲರ ತುಣುಕಿಗೂ ಇದೇ ದಾರಿ, ಅದಕ್ಕೆ ದಿನ ಹಿಡಿಯುತ್ತದೆ ಅಂತ ವಿವರಿಸಿದೆ.

ಮಗನಿಗೆ ಹೇಳಿದ್ದು ಇಷ್ಟು. ಅವ್ವನನ್ನು ಕರಕೊಂಡೇ ಡಾಕ್ಟರ ಹತ್ತಿರ ಮತ್ತೆ ಹೋಗು. ಏನು ಅನುಮಾನ ಇದೆ, ಎಷ್ಟಿದೆ, ಬೇರೆ ಏನಾಗಿರಬಹುದು ಅಂತ ನೇರವಾಗಿ ಕೇಳು. ರಿಪೋರ್ಟ್ ಯಾವತ್ತು ಬರುತ್ತದೆ, ಯಾರು ಕೂತು ಹೇಳುತ್ತಾರೆ ಅನ್ನೋದನ್ನೂ ಬರೆದುಕೊಂಡು ಬಾ. ಮೊಬೈಲಿಗೆ ಮೊದಲೇ ಬಂದರೆ ಒಬ್ಬನೇ ತೆರೆದು ಗೂಗಲ್ ಮಾಡಬೇಡ. ಮದುವೆ ತಾರೀಖು ಈಗ ಮುಟ್ಟಬೇಡ.

ಖಚಿತವಾಗದೆ ಕ್ಯಾನ್ಸರ್ ಅನ್ನೋ ಮಾತು ಎತ್ತಲು ಡಾಕ್ಟರುಗಳು ಹಿಂಜರಿಯುವುದು ನನಗೆ ಅರ್ಥವಾಗುತ್ತದೆ. ಆದರೆ ರೋಗಿಯ ಸ್ಥಿತಿಯನ್ನು ದೊಡ್ಡದೂ ಮಾಡಬಾರದು, ಚಿಕ್ಕದೂ ಮಾಡಬಾರದು ಅಂತ ವೈದ್ಯರ ನಡವಳಿಕೆಯ 2002ರ ನಿಯಮಗಳೇ ಹೇಳುತ್ತವೆ. "ಅನುಮಾನ ಇದೆ, ಅದಕ್ಕೇ ಬಯಾಪ್ಸಿ. ಇನ್ನೂ ಖಚಿತವಿಲ್ಲ" ಅನ್ನುವುದರಲ್ಲಿ ಸುಳ್ಳೂ ಇಲ್ಲ, ಅವಸರವೂ ಇಲ್ಲ.

ಅವ್ವನಿಗೆ ಉಳಿದ ಚಿಂತೆ ಒಂದೇ: ಕ್ಯಾನ್ಸರ್ ಅಂದರೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಬೇಕು, ತೊಗರಿ ರಾಶಿ ಯಾರು ನೋಡುತ್ತಾರೆ ಅಂತ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ ಅಂತ ತಿಳಿಸಿದೆ. ರಿಪೋರ್ಟ್ ಬಂದ ದಿನವೇ ಇಬ್ಬರೂ ನನ್ನ ಹತ್ತಿರ ಮತ್ತೆ ಬರುತ್ತಾರೆ.