ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಕಲ್ಲು ಹಾಳೆಯಂತೆ ಏಳುತ್ತದೆ, ಯಾದಗಿರಿಯ ಗ್ರಾನೈಟ್ ಏಕೆ ಏಳುವುದಿಲ್ಲ?

ಎರಡೂ ಹುಟ್ಟಿದ ರೀತಿಯೇ ಬೇರೆಯಾಗಿರುವುದರಿಂದ. ಫರ್ಸಿ ಎಂದರೆ ಸಮುದ್ರದಡಿ ಪದರ ಪದರವಾಗಿ ಕೂತು ಗಟ್ಟಿಯಾದ ಸುಣ್ಣದ ಕೆಸರು; ಗ್ರಾನೈಟ್ ಎಂದರೆ ನೆಲದಾಳದಲ್ಲಿ ಆರಿದ ಶಿಲಾರಸ, ಅಂದರೆ ಕರಗಿದ ಕಲ್ಲು.

ಯಾದಗಿರಿ ಕೋಟೆಯ ಬೆಟ್ಟದಂಥ ಗ್ರಾನೈಟ್ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಹಲವು ಕಿಲೋಮೀಟರ್ ಆಳದಲ್ಲಿದ್ದ ಶಿಲಾರಸದ ಶಾಖವನ್ನು ಮೇಲಿನ ಬಂಡೆಗಳು ಕಂಬಳಿಯಂತೆ ಹಿಡಿದಿಟ್ಟುಕೊಂಡಿದ್ದರಿಂದ ಅದು ಬಹಳ ನಿಧಾನವಾಗಿ ಆರಿತು. ಹೀಗೆ ಸಿಕ್ಕ ಕಾಲಾವಕಾಶದಲ್ಲಿ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆದು, ಎಲ್ಲ ದಿಕ್ಕಿಗೂ ಒಂದರೊಳಗೊಂದು ಹೆಣೆದುಕೊಂಡವು. ಒಡೆದ ತುಂಡನ್ನು ಬಿಸಿಲಿಗೆ ಹಿಡಿದರೆ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ಗಾಜಿನಂಥ ಕ್ವಾರ್ಟ್ಸ್, ಮಿನುಗುವ ಕಪ್ಪು ಅಭ್ರಕ ಬೇರೆಬೇರೆಯಾಗಿ ಕಾಣುತ್ತವೆ. ಇಂಥ ಹೆಣಿಗೆಯಲ್ಲಿ ಪದರವೆಂಬುದೇ ಇಲ್ಲದ ಕಾರಣ ಕಲ್ಲುಕುಟಿಗರು ಸಾಲಾಗಿ ತೂತು ಕೊರೆದು, ಬೆಣೆ ಬಡಿದು ಸೀಳಬೇಕಾಗುತ್ತದೆ.

ಫರ್ಸಿಯಲ್ಲಾದರೋ ಎರಡು ಪದರಗಳ ನಡುವೆ ತೆಳುವಾದ ಜೇಡಿಯ ಗೆರೆ ಇರುತ್ತದೆ. ಅಲ್ಲಿ ಹಾರೆ ಮೀಟಿದರೆ ಚಪ್ಪಡಿ ತಾನಾಗಿಯೇ ಬಿಡುತ್ತದೆ.

ಮನೆಯಲ್ಲೇ ಪರೀಕ್ಷಿಸಬೇಕೆಂದರೆ ನಿಂಬೆರಸ ಸಾಕು (ಮೂಲೆಯ ಒಡಕು ತುಂಡಿನ ಮೇಲೆ ಮಾತ್ರ, ಏಕೆಂದರೆ ಕಲೆ ಉಳಿಯುತ್ತದೆ). ಫರ್ಸಿಯ ಸುಣ್ಣ ಹುಳಿಗೆ ಸಣ್ಣಗೆ ನೊರೆಯುತ್ತದೆ, ಗ್ರಾನೈಟ್ ಸುಮ್ಮನಿರುತ್ತದೆ.