ಹಿಂದಿನ ಶಾಕ್ ಅಬ್ಸಾರ್ಬರ್ ಮನೇಲೇ ಹಾಕ್ಕೋಬೋದಾ?

ಪ್ರಶ್ನೆ: ಸಾರ್, ನಂದು ಹಳೇ ಆಲ್ಟೊ. ಮಂಡ್ಯದಿಂದ ಮೇಲುಕೋಟೆ ಕಡೆ ಹೋಗ್ವಾಗ ಹಂಪ್ ಇಳಿದ್ಮೇಲೂ ಹಿಂದ್ಗಡೆ ಮೂರ್ನಾಲ್ಕು ಸಲ ಕುಣಿಯುತ್ತೆ, ಹಿಂದಿನ ಸೀಟಲ್ಲಿ ಕೂತ ಅವ್ವ "ಇದ್ಕಿಂತ ಎತ್ತಿನಗಾಡಿ ವಾಸಿ ಕಣ್ಲಾ" ಅಂತದೆ. ಗ್ಯಾರೇಜಲ್ಲಿ ಎಡಗಡೆ ಶಾಕ್ ಅಬ್ಸಾರ್ಬರ್ ಲೀಕು ಅಂದ್ರು. ಸ್ಪ್ಯಾನರ್ ಸೆಟ್ ಇದೆ, ನಾನೇ ಹಾಕ್ಲಾ? ಒಂದೇ ಸಾಕಾ?
- ಒಬ್ಬ ಓದುಗ, ಮಂಡ್ಯ

ಉತ್ತರ: ಅವ್ವನ ಟೆಸ್ಟೇ ಸರಿಯಾಗಿದೆ ಬಿಡಿ. ಗಾಡಿ ಭಾರ ಹೊರೋದು ಸ್ಪ್ರಿಂಗು, ಅದರ ಕುಣಿತ ನಿಲ್ಲಿಸೋದಷ್ಟೇ ಶಾಕ್ ಕೆಲಸ, ಒಳಗಿನ ಆಯಿಲ್ ಸೋರಿಹೋದ್ರೆ ನಿಲ್ಲಿಸೋರು ಯಾರೂ ಇಲ್ಲ. ಒಂದೇ ಹಾಕ್ಬೇಡಿ, ಎರಡೂ ಹಾಕಿ, ಒಂದ್ಕಡೆ ಬಿಗಿ ಒಂದ್ಕಡೆ ಸಡಿಲ ಆದ್ರೆ ತಿರುವಲ್ಲಿ ಗಾಡಿ ಎಳೆದಾಡುತ್ತೆ.

ಆಲ್ಟೊದಲ್ಲಿ ಹಿಂದೆ ಸ್ಪ್ರಿಂಗೇ ಬೇರೆ ಶಾಕೇ ಬೇರೆ, ಅದಕ್ಕೇ ಮನೇಲಿ ಮಾಡ್ಬೋದು ಅಂತಿರೋದು. ಶಾಕ್ ಸುತ್ತಲೇ ಸ್ಪ್ರಿಂಗ್ ಕೂತಿರೋ ಗಾಡಿ ಆಗಿದ್ರೆ ಮುಟ್ಲೇಬೇಡಿ ಅಂತಿದ್ದೆ, ಒತ್ತಿ ಹಿಡಿದಿರೋ ಸ್ಪ್ರಿಂಗ್ ಹಾರಿದ್ರೆ ಕೈಕಾಲು ಉಳಿಯಲ್ಲ.

ಹಿಂದಿನ ರಾತ್ರೀನೇ ನಟ್ಟುಗಳಿಗೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಸಮತಟ್ಟಾದ ಗಟ್ಟಿ ಜಾಗದಲ್ಲಿ ನಿಲ್ಲಿಸಿ, ಫಸ್ಟ್ ಗೇರ್ ಹಾಕಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಇದೆಯಲ್ಲ ಅನ್ಬೇಡಿ, ಅದು ಹಿಡಿಯೋದು ಹಿಂದಿನ ಚಕ್ರಾನ, ನೀವು ಎತ್ತೋದೂ ಅದನ್ನೇ! ಗಾಡಿ ಜೊತೆ ಬರೋ ಜಾಕಿ ಎತ್ತೋಕಷ್ಟೇ, ಎತ್ತಿದ್ಮೇಲೆ ಬಾಡಿ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಡಲೇಬೇಕು, ಇಟ್ಟಿಗೆ ಜೋಡಿಸೋದು ಬೇಡ, ಒಡೆದು ಕೂರುತ್ತೆ. ಇನ್ನೊಂದು ಜಾಕಿ ಆಕ್ಸಲ್ (ಹಿಂದಿನ ಎರಡೂ ಚಕ್ರ ಜೋಡಿಸಿರೋ ಅಡ್ಡ ಕಬ್ಬಿಣ) ಕೆಳಗೆ ತಾಗಿಸಿ, ಯಾಕಂದ್ರೆ ಆಕ್ಸಲ್ ಜಾಸ್ತಿ ಕೆಳಗಿಳಿಯದಂಗೆ ತಡೆದಿರೋದು ಆ ಶಾಕೇ, ಅದನ್ನ ಬಿಚ್ಚಿದ ತಕ್ಷಣ ಆಕ್ಸಲ್ ಜೋತು ಬಿದ್ದು ಬ್ರೇಕ್ ಆಯಿಲ್ ಹೋಗೋ ಹೋಸ್ ಎಳೆಯುತ್ತೆ, ಸ್ಪ್ರಿಂಗೂ ಜಾರಬೋದು. ಅದಕ್ಕೇ ಒಂದ್ಸಲಕ್ಕೆ ಒಂದೇ ಕಡೆ ಬಿಚ್ಚಿ.

ಶಾಕ್‌ನ ಮೇಲಿನ ನಟ್ ತಿರುಗಿಸಿದ್ರೆ ಶಾಕ್‌ನ ರಾಡೂ ಜೊತೆಗೆ ಗರಗರ ಸುತ್ತುತ್ತಾ ಇದ್ರೆ, ರಾಡ್ ತುದೀನ ಇನ್ನೊಂದು ಸ್ಪ್ಯಾನರಲ್ಲಿ ಹಿಡ್ಕೊಳ್ಳಿ. ರಾಡಿನ ನುಣುಪಾದ ಭಾಗಕ್ಕೆ ಮಾತ್ರ ಪ್ಲೈಯರ್ ಹಾಕ್ಬೇಡಿ, ಗೀರು ಬಿದ್ರೆ ಹೊಸ ಸೀಲೂ ಹರಿದು ಮತ್ತೆ ಲೀಕ್ ಶುರು. ಹೊಸಾದು ಗ್ಯಾಸ್ ಶಾಕ್ (ಆಯಿಲ್ ಜೊತೆ ಒತ್ತಿದ ಗ್ಯಾಸೂ ತುಂಬಿರೋದು) ಆಗಿದ್ರೆ ಪಟ್ಟಿ ಕಟ್ಟಿ ಕೊಟ್ಟಿರ್ತಾರೆ, ಜಾಗದಲ್ಲಿ ಕೂರಿಸೋವರೆಗೂ ಕತ್ತರಿಸ್ಬೇಡಿ, ತಾನಾಗೇ ಉದ್ದ ಆಗ್ಬಿಡುತ್ತೆ.

ಇನ್ನೊಂದು ನಾನೇ ಮಾಡ್ಕೊಂಡ ಎಡವಟ್ಟು. ಮೊದಲ್ನೇ ಸಲ ಚಕ್ರ ಗಾಳೀಲಿ ನೇತಾಡ್ತಿರುವಾಗಲೇ ಕೆಳಗಿನ ಬೋಲ್ಟ್ ಪೂರ್ತಿ ಬಿಗಿದ್ಬಿಟ್ಟಿದ್ದೆ, ಗಾಡಿ ಇಳಿಸಿದಾಗ ಬೋಲ್ಟ್ ಸುತ್ತ ಇರೋ ರಬ್ಬರ್ ಬುಷ್ ತಿರುಚ್ಕೊಂಡು ಕೂತು ಸ್ವಲ್ಪ ದಿನಕ್ಕೇ ಹರಿದು ಲೊಟಲೊಟ ಅನ್ನೋಕೆ ಶುರುವಾಯ್ತು. ಅದಕ್ಕೆ ಮೊದಲು ಹಗೂರಕ್ಕೆ ಬಿಗೀರಿ, ಚಕ್ರ ಬಿಚ್ಚಿದ್ರೆ ಅದನ್ನ ಹಾಕಿ ನೆಲಕ್ಕಿಳಿಸಿ, ಪೂರ್ತಿ ಭಾರ ಬಿದ್ಮೇಲೆ ಕೈ ತೂರಿಸಿ ಬಿಗಿ ಮಾಡಿ. ಒಂದು ವಾರ ಓಡಿಸಿ ಇನ್ನೊಂದ್ಸಲ ನೋಡಿ.

ಹಳೇ ಶಾಕ್‌ನ ಗುಜರಿಗೆ ಕೊಡಿ, ಬೆಂಕಿಗೆ ಹಾಕೋದು ಕುಟ್ಟಿ ಒಡೆಯೋದು ಮಾಡ್ಬೇಡಿ, ಗ್ಯಾಸಿನದ್ದಾದ್ರೆ ಸಿಡಿಯುತ್ತೆ.